ವಿ (1983ರ ಕಿರುಸರಣಿ)

'ವಿ' ಎಂಬುದು ಅಮೆರಿಕದ ಒಂದು ವೈಜ್ಞಾನಿಕ ಕಥಾವಸ್ತುವಿನ ದೂರದರ್ಶನ ಕಿರುಸರಣಿ. ಕೆನೆತ್ ಜಾನ್ಸನ್ ಇದನ್ನು ಬರೆದು ನಿರ್ದೇಶಿಸಿದರು. ವಾರ್ನರ್ ಬ್ರದರ್ಸ್ ಸಂಸ್ಥೆಯ ದೂರದರ್ಶನ ವಿಭಾಗವು ನಿರ್ಮಿಸಿದ ಈ ಸರಣಿಯು ಎನ್‌ಬಿಸಿ ವಾಹಿನಿಯಲ್ಲಿ 1983ರ ಮೇ 1 ಮತ್ತು 2ರಂದು ಎರಡು ಭಾಗಗಳಲ್ಲಿ ಪ್ರಸಾರವಾಯಿತು. ಸ್ನೇಹಿತರೆಂದು ಹೇಳಿಕೊಂಡು ಭೂಮಿಗೆ ಬಂದ ಅನ್ಯಗ್ರಹವಾಸಿಗಳು ಕ್ರಮೇಣ ಜಗತ್ತಿನ ಆಡಳಿತವನ್ನು ವಶಪಡಿಸಿಕೊಳ್ಳುವುದು ಮತ್ತು ಸಾಮಾನ್ಯ ಜನರ ಸಣ್ಣ ಗುಂಪೊಂದು ಅವರ ವಿರುದ್ಧ ಪ್ರತಿರೋಧವನ್ನು ಸಂಘಟಿಸುವುದು ಇದರ ಕಥಾವಸ್ತು.

ಅನ್ಯಗ್ರಹದ ಆಕ್ರಮಣದ ಕಥೆಗಳಲ್ಲಿ ಈ ಸರಣಿಗೆ ಪ್ರತ್ಯೇಕ ಸ್ಥಾನವಿದೆ. ಇಲ್ಲಿನ ಆಕ್ರಮಣಕಾರರು ಆಯುಧಗಳಿಂದ ಭೂಮಿಯನ್ನು ಗೆಲ್ಲುವುದಿಲ್ಲ. ಮನುಷ್ಯರ ಸ್ವಾಗತ, ಸಹಕಾರ ಮತ್ತು ಮೌನಗಳಿಂದ ಗೆಲ್ಲುತ್ತಾರೆ. ಪ್ರಜಾಪ್ರಭುತ್ವವಿರುವ ದೇಶವೊಂದು ಸರ್ವಾಧಿಕಾರಕ್ಕೆ ಹೇಗೆ ಒಳಗಾಗುತ್ತದೆ ಎಂಬ ಪ್ರಶ್ನೆಯಿಂದ ಹುಟ್ಟಿದ ಕಥೆಯು ವಾಹಿನಿಯ ಅಗತ್ಯಕ್ಕೆ ತಕ್ಕಂತೆ ಅಂತರಿಕ್ಷದ ಕಥೆಯಾಗಿ ರೂಪಾಂತರಗೊಂಡಿತು. ಇದರ ಯಶಸ್ಸಿನಿಂದ 1984ರಲ್ಲಿ 'ವಿ: ದಿ ಫೈನಲ್ ಬ್ಯಾಟಲ್' ಎಂಬ ಎರಡನೆಯ ಕಿರುಸರಣಿ, 1984–85ರಲ್ಲಿ ಸಾಪ್ತಾಹಿಕ ಧಾರಾವಾಹಿ ಹಾಗೂ 2009ರಲ್ಲಿ ಹೊಸ ತಲೆಮಾರಿಗಾಗಿ ಮರುನಿರ್ಮಿತ ಸರಣಿ ಹೊರಬಂದವು.

## ಹಿನ್ನೆಲೆ

### ಪೂರ್ವಸೂರಿಗಳು

ಅನ್ಯಗ್ರಹದ ಆಕ್ರಮಣವು ವೈಜ್ಞಾನಿಕ ಕಥಾಸಾಹಿತ್ಯದ ಹಳೆಯ ವಸ್ತುಗಳಲ್ಲೊಂದು. ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿ 1898ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಮಂಗಳಗ್ರಹದ ಜೀವಿಗಳು ಇಂಗ್ಲೆಂಡನ್ನು ಧ್ವಂಸಗೊಳಿಸುವ ಈ ಕಥೆಯಲ್ಲಿ ವಸಾಹತುಶಾಹಿ ಯುರೋಪು ಇತರರಿಗೆ ಮಾಡಿದ್ದನ್ನು ಅದಕ್ಕೇ ತಿರುಗಿಸಿ ತೋರಿಸಲಾಗಿತ್ತು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಇದರ ರೇಡಿಯೊ ರೂಪಾಂತರವನ್ನು ಸುದ್ದಿಪ್ರಸಾರದ ಮಾದರಿಯಲ್ಲಿ ಪ್ರಸ್ತುತಪಡಿಸಿದರು.

ದೂರದರ್ಶನದಲ್ಲಿ ಈ ವಸ್ತು ಆರಂಭದಿಂದಲೇ ಜನಪ್ರಿಯವಾಗಿತ್ತು. ನೈಜೆಲ್ ನೀಲ್ ಬರೆದ ಬಿಬಿಸಿಯ 'ಕ್ವೇಟರ್‌ಮಾಸ್' ಸರಣಿಯ ಮೊದಲ ಕಥೆ 1953ರಲ್ಲಿ ಪ್ರಸಾರವಾಯಿತು. 1964ರಲ್ಲಿ 'ಡಾಕ್ಟರ್ ಹೂ' ಸರಣಿಯ ಆರು ಕಂತುಗಳ ಕಥೆಯೊಂದು ಡಾಲೆಕ್‌ಗಳ ಆಳ್ವಿಕೆಗೆ ಒಳಗಾದ ಲಂಡನ್ ನಗರವನ್ನೂ ಅಲ್ಲಿನ ಗುಪ್ತ ಪ್ರತಿರೋಧ ತಂಡವನ್ನೂ ಚಿತ್ರಿಸಿತು. ಲ್ಯಾರಿ ಕೋಹೆನ್ ರೂಪಿಸಿದ ಅಮೆರಿಕದ 'ದಿ ಇನ್ವೇಡರ್ಸ್' (1967–68) ಸರಣಿಯಲ್ಲಿ ಅನ್ಯಗ್ರಹವಾಸಿಗಳು ಮನುಷ್ಯರೂಪದಲ್ಲಿ ಸಮಾಜದೊಳಗೆ ಸೇರಿಕೊಂಡಿದ್ದರು. ಅವರನ್ನು ಕಂಡ ಏಕೈಕ ವಾಸ್ತುಶಿಲ್ಪಿಯ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಬ್ರಿಟನ್ನಿನ 'ಯುಎಫ್‌ಒ' (1970) ಸರಣಿಯಲ್ಲಿ ರಕ್ಷಣೆಯ ಹೊಣೆ ಗುಪ್ತ ಸೇನಾ ಸಂಸ್ಥೆಯೊಂದರದಾಗಿತ್ತು.

ಈ ಕೃತಿಗಳಲ್ಲಿ ಆಕ್ರಮಣಕಾರರು ಮರೆಯಲ್ಲಿರುತ್ತಾರೆ ಅಥವಾ ಬಹಿರಂಗವಾಗಿ ಯುದ್ಧ ಸಾರುತ್ತಾರೆ. 'ವಿ' ಮೂರನೆಯ ಸಾಧ್ಯತೆಯನ್ನು ಆರಿಸಿಕೊಂಡಿತು. ಇಲ್ಲಿನ ಅನ್ಯಗ್ರಹವಾಸಿಗಳು ಹಾಡುಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ನಗುಮುಖದಿಂದ ಬರುತ್ತಾರೆ.

### ರಾಜಕೀಯ ಕಥೆಯಿಂದ ಅಂತರಿಕ್ಷದ ಕಥೆಗೆ

ಸಿಂಕ್ಲೇರ್ ಲೂಯಿಸ್ ಅವರ 'ಇಟ್ ಕಾಂಟ್ ಹ್ಯಾಪನ್ ಹಿಯರ್' (1935) ಕಾದಂಬರಿ ಈ ಸರಣಿಗೆ ಮೂಲಪ್ರೇರಣೆ. 'ಇಲ್ಲಿ ಹಾಗಾಗಲು ಸಾಧ್ಯವಿಲ್ಲ' ಎಂಬುದು ಆ ಹೆಸರಿನ ಅರ್ಥ. ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದ ಜನಪ್ರಿಯ ನಾಯಕನೊಬ್ಬ ಅಮೆರಿಕವನ್ನು ಸರ್ವಾಧಿಕಾರಕ್ಕೆ ತಳ್ಳುವ ಕಥೆಯನ್ನು ಅದು ಸಣ್ಣ ಊರಿನ ಪತ್ರಿಕಾ ಸಂಪಾದಕನೊಬ್ಬನ ಕಣ್ಣಿನಿಂದ ನಿರೂಪಿಸುತ್ತದೆ. ಅದು ಪ್ರಕಟವಾದಾಗ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ವರ್ಷಗಳಾಗಿದ್ದವು.

ಜಾನ್ಸನ್ ಈ ಕಾದಂಬರಿಯಿಂದ ಪ್ರೇರಿತರಾಗಿ 'ಸ್ಟಾರ್ಮ್ ವಾರ್ನಿಂಗ್ಸ್' ಎಂಬ ಚಿತ್ರಕಥೆಯನ್ನು ಬರೆದಿದ್ದರು. ಅದರಲ್ಲಿ ಅನ್ಯಗ್ರಹವಾಸಿಗಳಿರಲಿಲ್ಲ, ಅಮೆರಿಕದಲ್ಲಿ ಫ್ಯಾಸಿಸಂ ಬೆಳೆಯುವ ಬಗೆಯೇ ಅದರ ವಸ್ತುವಾಗಿತ್ತು. ಆ ಕಥೆ ಎನ್‌ಬಿಸಿಯ ಮುಂದೆ ಬಂದಾಗ ವಾಹಿನಿಯ ಮನರಂಜನಾ ವಿಭಾಗದ ಮುಖ್ಯಸ್ಥ ಬ್ರ್ಯಾಂಡನ್ ಟಾರ್ಟಿಕಾಫ್ ಹೊರಗಿನ ಶತ್ರುವಿರುವ ಕಥೆಯತ್ತ ಒಲವು ತೋರಿದರು. 'ಸ್ಟಾರ್ ವಾರ್ಸ್' (1977) ಚಲನಚಿತ್ರದ ಯಶಸ್ಸಿನ ನಂತರ ಅಂತರಿಕ್ಷದ ಕಥೆಗಳಿಗೆ ಅಪಾರ ಬೇಡಿಕೆಯಿದ್ದ ಕಾಲವದು. ಜಾನ್ಸನ್ ಫ್ಯಾಸಿಸ್ಟರ ಸ್ಥಾನದಲ್ಲಿ ಅನ್ಯಗ್ರಹವಾಸಿಗಳನ್ನು ನಿಲ್ಲಿಸಿ ಕಥೆಯನ್ನು ಮರುರೂಪಿಸಿದರು. ಮೂಲಕಥೆಯ ಹಂದರ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

'ದಿ ಬಯೋನಿಕ್ ವುಮನ್' ಮತ್ತು 'ದಿ ಇನ್‌ಕ್ರೆಡಿಬಲ್ ಹಲ್ಕ್' ಧಾರಾವಾಹಿಗಳಿಂದ ಜಾನ್ಸನ್ ಆ ಹೊತ್ತಿಗಾಗಲೇ ಪ್ರಸಿದ್ಧರಾಗಿದ್ದರು. ಅದ್ಭುತ ವಸ್ತುವನ್ನು ದಿನನಿತ್ಯದ ಮನುಷ್ಯರ ನಡುವೆ ಇಟ್ಟು ಹೇಳುವ ಅವರ ವಿಧಾನ 'ವಿ' ಸರಣಿಯಲ್ಲಿಯೂ ಮುಂದುವರಿಯಿತು.

## ಕಥಾವಸ್ತು

### ಮೊದಲ ಭಾಗ

ದೂರದರ್ಶನ ಪತ್ರಕರ್ತ ಹಾಗೂ ಛಾಯಾಗ್ರಾಹಕ ಮೈಕ್ ಡೊನೊವನ್ ಎಲ್ ಸಾಲ್ವಡಾರ್ ದೇಶದ ಅಂತರ್ಯುದ್ಧವನ್ನು ಚಿತ್ರೀಕರಿಸುತ್ತಿರುವಾಗ ಆಕಾಶದಲ್ಲಿ ಬೃಹತ್ ನೌಕೆಯೊಂದು ಕಾಣಿಸಿಕೊಳ್ಳುತ್ತದೆ. ಅಂತಹ ಐವತ್ತು ನೌಕೆಗಳು ಪ್ರಪಂಚದ ಪ್ರಮುಖ ನಗರಗಳ ಮೇಲೆ ಬಂದು ನಿಲ್ಲುತ್ತವೆ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಮೇಲೆ ಅವರ ಮಹಾದಂಡನಾಯಕ ಜಾನ್ ಪ್ರತ್ಯಕ್ಷನಾಗಿ ಮಾತನಾಡುತ್ತಾನೆ. ತಾವು ಲುಬ್ಧಕ ನಕ್ಷತ್ರದ ನಾಲ್ಕನೆಯ ಗ್ರಹದಿಂದ ಬಂದವರು; ತಮ್ಮ ಗ್ರಹವನ್ನು ಉಳಿಸಿಕೊಳ್ಳಲು ಕೆಲವು ರಾಸಾಯನಿಕಗಳು ಬೇಕಾಗಿವೆ; ಅದಕ್ಕೆ ಪ್ರತಿಯಾಗಿ ತಮ್ಮ ಮುಂದುವರಿದ ವಿಜ್ಞಾನವನ್ನು ಭೂಮಿಯೊಂದಿಗೆ ಹಂಚಿಕೊಳ್ಳುತ್ತೇವೆ ಎಂದು ಆತ ಘೋಷಿಸುತ್ತಾನೆ. ಈ ಅತಿಥಿಗಳನ್ನು ಜನರು 'ವಿಸಿಟರ್ಸ್', ಅಂದರೆ ಆಗಂತುಕರು ಎಂದು ಕರೆಯತೊಡಗುತ್ತಾರೆ.

ಆಗಂತುಕರು ನೋಡಲು ಮನುಷ್ಯರಂತೆಯೇ ಇದ್ದಾರೆ. ಅವರ ಧ್ವನಿ ವಿಚಿತ್ರವಾಗಿ ಅನುರಣಿಸುತ್ತದೆ. ಪ್ರಖರ ಬೆಳಕನ್ನು ತಾಳಲಾರದೆ ಅವರು ಕಪ್ಪು ಕನ್ನಡಕ ಧರಿಸುತ್ತಾರೆ. ರಾಸಾಯನಿಕ ಕಾರ್ಖಾನೆಯೊಂದಕ್ಕೆ ಅವರು ಬಂದಿಳಿಯುವಾಗ ಶಾಲಾ ವಾದ್ಯವೃಂದವು 'ಸ್ಟಾರ್ ವಾರ್ಸ್' ಚಿತ್ರದ ಸಂಗೀತ ನುಡಿಸಿ ಸ್ವಾಗತಿಸುತ್ತದೆ. ಯುವಕರಿಗಾಗಿ ಆಗಂತುಕರ ಗೆಳೆಯರ ದಳ ಆರಂಭವಾಗುತ್ತದೆ. ಸಮವಸ್ತ್ರ, ಆಯುಧ ಮತ್ತು ಪ್ರತಿಷ್ಠೆಗಳ ಆಕರ್ಷಣೆಗೆ ಒಳಗಾಗಿ ಡೇನಿಯಲ್ ಬರ್ನ್‌ಸ್ಟೀನ್ ಎಂಬ ತರುಣ ಅದನ್ನು ಸೇರುತ್ತಾನೆ.

ಅನಂತರದ ಬದಲಾವಣೆಗಳು ಒಂದೊಂದಾಗಿ ಬರುತ್ತವೆ. ಆಗಂತುಕರ ವಿರುದ್ಧ ವಿಜ್ಞಾನಿಗಳು ಅಂತರರಾಷ್ಟ್ರೀಯ ಸಂಚು ನಡೆಸಿದ್ದಾರೆ ಎಂಬ ಸುದ್ದಿ ಹಬ್ಬುತ್ತದೆ. ಗೌರವಾನ್ವಿತ ವಿಜ್ಞಾನಿಗಳು ಪರದೆಯ ಮೇಲೆ ಬಂದು ತಪ್ಪೊಪ್ಪಿಗೆ ನೀಡುತ್ತಾರೆ. ವಿಜ್ಞಾನಿಗಳು ಮತ್ತು ಅವರ ಕುಟುಂಬದವರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ನಿಯಮ ಬರುತ್ತದೆ. ನೆರೆಹೊರೆಯವರು ಅವರೊಂದಿಗೆ ಮಾತು ಬಿಡುತ್ತಾರೆ. ಒಬ್ಬೊಬ್ಬರಾಗಿ ಅವರು ಕಾಣೆಯಾಗುತ್ತಾರೆ.

ಸಂಶಯಗೊಂಡ ಡೊನೊವನ್ ಲಾಸ್ ಏಂಜಲೀಸ್ ಮೇಲಿನ ನೌಕೆಯನ್ನು ಗುಟ್ಟಾಗಿ ಪ್ರವೇಶಿಸುತ್ತಾನೆ. ಆಗಂತುಕರ ನಾಯಕರು ಜೀವಂತ ಪ್ರಾಣಿಗಳನ್ನು ನುಂಗುವುದನ್ನು ಆತ ಚಿತ್ರೀಕರಿಸುತ್ತಾನೆ. ಸೆಣಸಾಟದಲ್ಲಿ ಒಬ್ಬನ ಮುಖದ ಚರ್ಮ ಹರಿದಾಗ ಒಳಗಿನಿಂದ ಹಸಿರು ಬಣ್ಣದ ಸರೀಸೃಪದ ಮುಖ ಕಾಣಿಸುತ್ತದೆ. ಆತ ತಂದ ದೃಶ್ಯಗಳು ಪ್ರಸಾರವಾಗುವ ಮೊದಲೇ ಆಗಂತುಕರು ದೂರದರ್ಶನ ಕೇಂದ್ರಗಳನ್ನು ವಶಪಡಿಸಿಕೊಳ್ಳುತ್ತಾರೆ. ಸೇನಾಡಳಿತ ಜಾರಿಯಾಗುತ್ತದೆ, ಡೊನೊವನ್ ತಲೆಮರೆಸಿಕೊಳ್ಳುತ್ತಾನೆ.

### ಎರಡನೆಯ ಭಾಗ

ವೈದ್ಯಕೀಯ ವಿದ್ಯಾರ್ಥಿನಿ ಜೂಲಿಯೆಟ್ ಪ್ಯಾರಿಶ್ ಚದುರಿದ ಜನರನ್ನು ಒಗ್ಗೂಡಿಸುತ್ತಾಳೆ. ನಾಯಕಿಯಾಗುವ ಬಯಕೆ ಆಕೆಗಿರುವುದಿಲ್ಲ. ಇತರರು ಅವಳತ್ತ ನೋಡತೊಡಗಿದಾಗ ಆ ಹೊಣೆ ತಾನಾಗಿ ಹೆಗಲೇರುತ್ತದೆ. ಪ್ರಯೋಗಾಲಯದ ಉಪಕರಣಗಳನ್ನು ತರುವ ಕಾರ್ಯಾಚರಣೆಯಲ್ಲಿ ವೈದ್ಯ ಬೆನ್ ಟೇಲರ್ ಪ್ರಾಣ ಕಳೆದುಕೊಳ್ಳುತ್ತಾನೆ. ಅಣ್ಣನ ನೆರಳಿನಲ್ಲಿ ದಾರಿತಪ್ಪಿ ಬೆಳೆದಿದ್ದ ತಮ್ಮ ಎಲಾಯಸ್ ಅದರಿಂದ ಹೊಸ ಮನುಷ್ಯನಾಗಿ ಹೋರಾಟಕ್ಕೆ ಸೇರುತ್ತಾನೆ.

ಮಾನವಶಾಸ್ತ್ರಜ್ಞ ರಾಬರ್ಟ್ ಮ್ಯಾಕ್ಸ್‌ವೆಲ್‌ನ ಕುಟುಂಬಕ್ಕೆ ಬರ್ನ್‌ಸ್ಟೀನ್ ಕುಟುಂಬ ಆಶ್ರಯ ನೀಡುವ ಪ್ರಸಂಗವು ಸರಣಿಯ ನೈತಿಕ ಕೇಂದ್ರ. ಮನೆಯ ಹಿರಿಯ ಅಬ್ರಹಾಂ ನಾಜಿ ನರಮೇಧದಿಂದ ಬದುಕುಳಿದ ಯಹೂದಿ. ಅಪಾಯಕ್ಕೆ ಅಂಜಿದ ಮಗ ಆಶ್ರಯ ನೀಡಲು ಹಿಂಜರಿಯುತ್ತಾನೆ. ಅವರನ್ನು ಹೊರಗೆ ಕಳುಹಿಸಿದರೆ ತಾವು ಅನುಭವಿಸಿದ್ದರಿಂದ ಏನನ್ನೂ ಕಲಿತಿಲ್ಲವೆಂದೇ ಅರ್ಥ ಎಂದು ಅಬ್ರಹಾಂ ಪಟ್ಟುಹಿಡಿಯುತ್ತಾನೆ. ಅಡಗಿದವರ ವಿಷಯವನ್ನು ಆಗಂತುಕರಿಗೆ ತಿಳಿಸುವವನು ಅದೇ ಮನೆಯ ಮೊಮ್ಮಗ ಡೇನಿಯಲ್. ಮೆಕ್ಸಿಕನ್ ಮೂಲದ ತೋಟಗಾರ ಸ್ಯಾಂಚೊ ತನ್ನ ವಾಹನದಲ್ಲಿ ಮ್ಯಾಕ್ಸ್‌ವೆಲ್ ಕುಟುಂಬವನ್ನು ಬಚ್ಚಿಟ್ಟು ಊರಾಚೆ ದಾಟಿಸುತ್ತಾನೆ.

ಆಗಂತುಕರ ಸೆರೆಯಲ್ಲಿದ್ದ ಮಗಳು ರಾಬಿನ್‌ಳ ಬಿಡುಗಡೆಗಾಗಿ ರಾಬರ್ಟ್ ಪ್ರತಿರೋಧ ಪಡೆಯ ಪರ್ವತ ಶಿಬಿರದ ಸುಳಿವು ಬಿಟ್ಟುಕೊಡುತ್ತಾನೆ. ನಂತರದ ದಾಳಿಯಲ್ಲಿ ಅವನ ಹೆಂಡತಿಯೇ ಸಾಯುತ್ತಾಳೆ. ಈ ನಡುವೆ ನೌಕೆಯನ್ನು ಮತ್ತೆ ಸೇರಿದ ಡೊನೊವನ್‌ಗೆ ಮಾರ್ಟಿನ್ ಎಂಬ ಆಗಂತುಕನಿಂದ ಸತ್ಯ ತಿಳಿಯುತ್ತದೆ. ಅವರಿಗೆ ಬೇಕಾಗಿರುವುದು ರಾಸಾಯನಿಕಗಳಲ್ಲ, ಭೂಮಿಯ ನೀರು. ನೌಕೆಯಲ್ಲಿ ಸಾಲುಸಾಲಾಗಿ ನಿದ್ರಾಸ್ಥಿತಿಯಲ್ಲಿಡಲಾದ ಮನುಷ್ಯರು ಅವರ ಆಹಾರ. ತಮ್ಮ ಗ್ರಹದಲ್ಲಿಯೂ ಸರ್ವಾಧಿಕಾರಿಯೊಬ್ಬ ಅಧಿಕಾರಕ್ಕೆ ಬಂದಾಗ ಬಹುಮಂದಿ ಸುಮ್ಮನಿದ್ದುದರಿಂದಲೇ ಈ ಸ್ಥಿತಿ ಒದಗಿತು ಎಂದು ಆತ ವಿವರಿಸುತ್ತಾನೆ. ಅವನಂತೆ ಗುಟ್ಟಾಗಿ ವಿರೋಧಿಸುವ ಇತರ ಆಗಂತುಕರೂ ಇದ್ದಾರೆ.

ಆಗಂತುಕರ ಅಂತರಿಕ್ಷದ ಶತ್ರುಗಳಿಗೆ ಪ್ರತಿರೋಧ ಪಡೆಯು ಸಂದೇಶ ಕಳುಹಿಸುವುದರೊಂದಿಗೆ ಸರಣಿ ಮುಗಿಯುತ್ತದೆ. ಸಂದೇಶ ತಲುಪುವುದೇ, ಕೇಳಿದವರು ನೆರವಿಗೆ ಬರುವರೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

## ಪ್ರಮುಖ ಪಾತ್ರಗಳು

* ಮೈಕ್ ಡೊನೊವನ್ (ಮಾರ್ಕ್ ಸಿಂಗರ್) – ದೂರದರ್ಶನ ಪತ್ರಕರ್ತ. ಅವನ ತಾಯಿ ಎಲೀನರ್ ಆಗಂತುಕರ ಆಪ್ತವಲಯ ಸೇರುತ್ತಾಳೆ.
* ಜೂಲಿಯೆಟ್ ಪ್ಯಾರಿಶ್ (ಫೇ ಗ್ರಾಂಟ್) – ವೈದ್ಯಕೀಯ ವಿದ್ಯಾರ್ಥಿನಿ. ಪ್ರತಿರೋಧ ಪಡೆಯ ನಾಯಕಿ.
* ಡಯಾನಾ (ಜೇನ್ ಬ್ಯಾಡ್ಲರ್) – ಆಗಂತುಕರ ವಿಜ್ಞಾನಿ ಹಾಗೂ ಅಧಿಕಾರಿ. ಸೆರೆಯಾಳುಗಳ ಮನಃಪರಿವರ್ತನೆಯ ಪ್ರಯೋಗ ನಡೆಸುವವಳು.
* ಜಾನ್ (ರಿಚರ್ಡ್ ಹರ್ಡ್) – ಆಗಂತುಕರ ಮಹಾದಂಡನಾಯಕ.
* ರಾಬರ್ಟ್ ಮ್ಯಾಕ್ಸ್‌ವೆಲ್ (ಮೈಕಲ್ ಡರೆಲ್) – ಮಾನವಶಾಸ್ತ್ರಜ್ಞ.
* ರಾಬಿನ್ ಮ್ಯಾಕ್ಸ್‌ವೆಲ್ (ಬ್ಲೇರ್ ಟೆಫ್ಕಿನ್) – ರಾಬರ್ಟ್‌ನ ಹಿರಿಯ ಮಗಳು. ಡಯಾನಾಳ ಪ್ರಯೋಗದ ಫಲವಾಗಿ ಬ್ರಯಾನ್ ಎಂಬ ಆಗಂತುಕನಿಂದ ಗರ್ಭವತಿಯಾಗುತ್ತಾಳೆ.
* ಅಬ್ರಹಾಂ ಬರ್ನ್‌ಸ್ಟೀನ್ (ಲಿಯೊನಾರ್ಡೊ ಸಿಮಿನೊ) – ನಾಜಿ ನರಮೇಧದಿಂದ ಬದುಕುಳಿದ ವೃದ್ಧ.
* ಡೇನಿಯಲ್ ಬರ್ನ್‌ಸ್ಟೀನ್ (ಡೇವಿಡ್ ಪ್ಯಾಕರ್) – ಅಬ್ರಹಾಂನ ಮೊಮ್ಮಗ, ಯುವದಳದ ಸದಸ್ಯ.
* ಎಲಾಯಸ್ ಟೇಲರ್ (ಮೈಕಲ್ ರೈಟ್) – ಬೆನ್ ಟೇಲರ್‌ನ ತಮ್ಮ.
* ಕ್ರಿಸ್ಟೀನ್ ವಾಲ್ಶ್ (ಜೆನ್ನಿ ಸಲಿವನ್) – ಆಗಂತುಕರ ವಕ್ತಾರೆಯಾಗುವ ಪತ್ರಕರ್ತೆ.
* ಮಾರ್ಟಿನ್ (ಫ್ರಾಂಕ್ ಆಶ್‌ಮೋರ್) – ಪ್ರತಿರೋಧಕ್ಕೆ ನೆರವಾಗುವ ಆಗಂತುಕ.
* ವಿಲ್ಲಿ (ರಾಬರ್ಟ್ ಇಂಗ್ಲಂಡ್) – ಅರಬ್ಬಿ ಕಲಿತು ಬಂದು ಲಾಸ್ ಏಂಜಲೀಸ್‌ನಲ್ಲಿ ನೇಮಕಗೊಂಡ, ತೊದಲು ಇಂಗ್ಲಿಷಿನ ಸೌಮ್ಯ ಸ್ವಭಾವದ ಆಗಂತುಕ.

ರಾಬಿನ್ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ನಟಿ ಡೊಮಿನಿಕ್ ಡನ್ ಚಿತ್ರೀಕರಣದ ಅವಧಿಯಲ್ಲಿ ಹಲ್ಲೆಗೊಳಗಾಗಿ 1982ರ ನವೆಂಬರ್‌ನಲ್ಲಿ ನಿಧನರಾದರು. ಬಳಿಕ ಆ ಪಾತ್ರವನ್ನು ಬ್ಲೇರ್ ಟೆಫ್ಕಿನ್ ನಿರ್ವಹಿಸಿದರು. ವಿಲ್ಲಿಯ ಪಾತ್ರಧಾರಿ ರಾಬರ್ಟ್ ಇಂಗ್ಲಂಡ್ 1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ಚಿತ್ರದ ಕ್ರೂರ ಖಳನ ಪಾತ್ರದಿಂದ ವಿಶ್ವಪ್ರಸಿದ್ಧರಾದರು. ಕಿರುಸರಣಿಗೆ ಸಂಗೀತ ನೀಡಿದವರು ಜೋ ಹಾರ್ನೆಲ್.

## ವಸ್ತು ವಿಶ್ಲೇಷಣೆ

### ನಾಜಿ ಆಡಳಿತದೊಂದಿಗಿನ ಹೋಲಿಕೆ

ಎರಡನೆಯ ಮಹಾಯುದ್ಧದ ಕಾಲದ ಯುರೋಪಿನೊಂದಿಗೆ ಸರಣಿಯ ಹೋಲಿಕೆಗಳು ಸ್ಪಷ್ಟವಾಗಿವೆ ಮತ್ತು ಉದ್ದೇಶಪೂರ್ವಕವಾಗಿವೆ. ಆಗಂತುಕರ ಲಾಂಛನವು ಸ್ವಸ್ತಿಕವನ್ನು ನೆನಪಿಸುತ್ತದೆ. ಯುವದಳವು ಹಿಟ್ಲರ್ ಯುವಸಂಘಟನೆಯ ಪ್ರತಿರೂಪ. ಅಂದು ಯಹೂದಿಗಳಿಗೆ ಆದದ್ದು ಇಲ್ಲಿ ವಿಜ್ಞಾನಿಗಳಿಗೆ ಆಗುತ್ತದೆ: ಅಪಪ್ರಚಾರ, ನೋಂದಣಿ, ಬಹಿಷ್ಕಾರ, ಬಂಧನ, ಕಣ್ಮರೆ. ಈ ಹಂತಗಳ ಕ್ರಮವನ್ನು ಸರಣಿಯು ಅವಸರವಿಲ್ಲದೆ ಚಿತ್ರಿಸುತ್ತದೆ. ಪ್ರತಿ ಹಂತವೂ ಹಿಂದಿನದಕ್ಕಿಂತ ಸ್ವಲ್ಪವೇ ಮುಂದಿರುವುದರಿಂದ ಎಲ್ಲಿ ತಡೆಯಬೇಕಿತ್ತು ಎಂಬುದು ಪಾತ್ರಗಳಿಗೆ ತಿಳಿಯುವುದಿಲ್ಲ.

ವಿಜ್ಞಾನಿಗಳನ್ನೇ ಗುರಿಯಾಗಿಸಲು ಕಥೆಯೊಳಗೆ ಕಾರಣವಿದೆ. ಆಗಂತುಕರ ದೇಹವನ್ನೂ ಅವರ ಹೇಳಿಕೆಗಳನ್ನೂ ಪರೀಕ್ಷಿಸಿ ಸುಳ್ಳನ್ನು ಬಯಲಿಗೆಳೆಯುವ ಸಾಮರ್ಥ್ಯವಿರುವವರು ಅವರೇ. ಹೀಗಾಗಿ ಇಲ್ಲಿನ ದಮನವು ಕುರುಡು ದ್ವೇಷದಿಂದ ಹುಟ್ಟಿದ್ದಲ್ಲ, ಲೆಕ್ಕಾಚಾರದಿಂದ ಬಂದದ್ದು. ದೂರದರ್ಶನ ಕೇಂದ್ರಗಳ ವಶವೂ ಅದೇ ಲೆಕ್ಕಾಚಾರದ ಭಾಗ. ಕಥಾನಾಯಕ ಡೊನೊವನ್ ಮತ್ತು ಆಗಂತುಕರ ವಕ್ತಾರೆ ಕ್ರಿಸ್ಟೀನ್ ಇಬ್ಬರೂ ಪತ್ರಕರ್ತರು. ಒಂದೇ ವೃತ್ತಿಯವರು ಒಂದೇ ಸನ್ನಿವೇಶದಲ್ಲಿ ಆರಿಸಿಕೊಳ್ಳುವ ಎರಡು ದಾರಿಗಳನ್ನು ಅವರ ಮೂಲಕ ತೋರಿಸಲಾಗಿದೆ.

### ಸಹಯೋಗ ಮತ್ತು ಪ್ರತಿರೋಧ

ಸರಣಿಯಲ್ಲಿ ಆಗಂತುಕರಿಗೆ ನೆರವಾಗುವ ಮನುಷ್ಯರೆಲ್ಲ ಒಂದೇ ಬಗೆಯವರಲ್ಲ. ಎಲೀನರ್‌ಗೆ ಸಮಾಜದಲ್ಲಿ ಮೇಲೇರುವ ಹಂಬಲವಿದೆ. ಡೇನಿಯಲ್‌ಗೆ ಮೊದಲ ಬಾರಿಗೆ ಯಾರೋ ಬೆಲೆ ಕೊಟ್ಟಿದ್ದಾರೆ. ಕ್ರಿಸ್ಟೀನ್‌ಗೆ ವೃತ್ತಿಯ ದೊಡ್ಡ ಅವಕಾಶ ದೊರೆತಿದೆ. ರಾಬರ್ಟ್ ದ್ರೋಹವೆಸಗುವುದು ಮಗಳ ಮೇಲಿನ ಪ್ರೀತಿಯಿಂದ. ಪ್ರತಿರೋಧ ಪಡೆಯಲ್ಲಿರುವವರೂ ವೀರಯೋಧರಲ್ಲ. ಅಲ್ಲಿ ವಿದ್ಯಾರ್ಥಿನಿ, ತೋಟಗಾರ, ಕಾರ್ಖಾನೆಯ ಕಾರ್ಮಿಕ, ವಯಸ್ಸಾದ ಮಹಿಳೆ, ಹಿಂದೆ ಸಣ್ಣಪುಟ್ಟ ಕಳ್ಳತನ ಮಾಡುತ್ತಿದ್ದ ಯುವಕ ಇದ್ದಾರೆ. ಮಾರ್ಟಿನ್ ಮತ್ತು ವಿಲ್ಲಿಯ ಪಾತ್ರಗಳಿಂದ ಆಕ್ರಮಣಕಾರರಲ್ಲಿಯೂ ಅಂತಃಸಾಕ್ಷಿಯುಳ್ಳವರಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ. ಜನಾಂಗದಿಂದ ಯಾರೂ ಒಳ್ಳೆಯವರೂ ಆಗುವುದಿಲ್ಲ, ಕೆಟ್ಟವರೂ ಆಗುವುದಿಲ್ಲ ಎಂಬ ನಿಲುವು ಕಥೆಯುದ್ದಕ್ಕೂ ಕಾಣುತ್ತದೆ. ಸರಣಿಯನ್ನು ಎಲ್ಲ ಕಾಲಗಳ ಪ್ರತಿರೋಧ ಹೋರಾಟಗಾರರ ಶೌರ್ಯಕ್ಕೆ ಅರ್ಪಿಸಲಾಗಿದೆ.

### 'ವಿ' ಅಕ್ಷರದ ಇತಿಹಾಸ

ಆಗಂತುಕರ ಭಿತ್ತಿಪತ್ರಗಳ ಮೇಲೆ ಮಕ್ಕಳು ಬಣ್ಣ ಚಿಮ್ಮಿಸಿ ಹಾಳುಮಾಡುತ್ತಿರುವಾಗ ಅಬ್ರಹಾಂ ಅವರನ್ನು ತಡೆದು, ಅದರ ಬದಲು 'ವಿ' ಅಕ್ಷರವನ್ನು ಬರೆಯಲು ಕಲಿಸುತ್ತಾನೆ. ವಿಜಯ ಎಂಬ ಅರ್ಥದ 'ವಿಕ್ಟರಿ' ಪದದ ಮೊದಲ ಅಕ್ಷರವದು. ಸರಣಿಯ ಹೆಸರು ಬಂದುದು ಇದರಿಂದ; 'ವಿಸಿಟರ್ಸ್' ಎಂಬ ಪದವೂ ಅದೇ ಅಕ್ಷರದಿಂದ ಆರಂಭವಾಗುತ್ತದೆ.

ಈ ಚಿಹ್ನೆಗೆ ನಿಜವಾದ ಇತಿಹಾಸವಿದೆ. 1941ರ ಜನವರಿಯಲ್ಲಿ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಬೆಲ್ಜಿಯಂನ ಮಾಜಿ ಸಚಿವ ವಿಕ್ಟರ್ ಡ ಲಾವೆಲೇ ಬಿಬಿಸಿ ಪ್ರಸಾರದ ಮೂಲಕ ನಾಜಿ ಆಕ್ರಮಿತ ಬೆಲ್ಜಿಯಂನ ಜನರಿಗೆ ಈ ಅಕ್ಷರವನ್ನು ಒಗ್ಗಟ್ಟಿನ ಗುರುತಾಗಿ ಬಳಸುವಂತೆ ಕರೆ ನೀಡಿದರು. ಫ್ರೆಂಚ್‌ನಲ್ಲಿ ವಿಜಯ ಎಂಬ ಪದವೂ ಡಚ್‌ನಲ್ಲಿ ಸ್ವಾತಂತ್ರ್ಯ ಎಂಬ ಪದವೂ ಇದೇ ಅಕ್ಷರದಿಂದ ಆರಂಭವಾಗುತ್ತವೆ. ಕೆಲವೇ ವಾರಗಳಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಉತ್ತರ ಫ್ರಾನ್ಸಿನ ಗೋಡೆಗಳ ಮೇಲೆ ಇದು ಕಾಣಿಸಿಕೊಂಡಿತು. ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಎರಡು ಬೆರಳುಗಳ ಸಂಜ್ಞೆಯಾಗಿ ಇದನ್ನು ಪ್ರಸಿದ್ಧಗೊಳಿಸಿದರು. ನಿರಾಯುಧರಾದವರೂ ಬರೆಯಬಹುದಾದ, ಬರೆಯಲು ಒಂದು ಕ್ಷಣ ಸಾಕಾದ ಗುರುತು ಇದಾಗಿತ್ತು.

### ವಸಾಹತುಶಾಹಿಯ ನೆನಪು

ಸರಣಿಯ ನೇರ ಮಾದರಿ ನಾಜಿ ಜರ್ಮನಿಯಾದರೂ, ವಿನಿಮಯದ ಹೆಸರಿನಲ್ಲಿ ಬಂದವರು ಆಳುವವರಾಗಿ ನೆಲೆನಿಲ್ಲುವ ಕಥೆ ಭಾರತದ ಓದುಗರಿಗೆ ವಸಾಹತುಶಾಹಿಯ ಇತಿಹಾಸವನ್ನು ನೆನಪಿಸುವಂತಿದೆ. ಕರ್ನಾಟಕದ ಕರಾವಳಿಯಲ್ಲಿ ಇದಕ್ಕೆ ಹತ್ತಿರದ ನಿದರ್ಶನಗಳಿವೆ. ಕಾಳಿ ನದಿಯ ಅಳಿವೆಯ ಬಳಿಯ ಕಾರವಾರದಲ್ಲಿ ಇಂಗ್ಲಿಷ್ ವರ್ತಕರು 1638ರಲ್ಲಿ ಕೋಠಿ ಸ್ಥಾಪಿಸಿ ಕರಿಮೆಣಸು ಮತ್ತು ಬಟ್ಟೆಯ ವ್ಯಾಪಾರ ನಡೆಸಿದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಆ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ವ್ಯಾಪಾರಿಯಿಂದ ಆಳುವವನಾಗುವ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು.

ಪ್ರತಿರೋಧದ ನಿದರ್ಶನವೂ ಅದೇ ಜಿಲ್ಲೆಯಲ್ಲಿದೆ. 1930ರ ಏಪ್ರಿಲ್‌ನಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆ ಚಳವಳಿ ಕೈಗೊಂಡು ಜಮೀನು ಕಳೆದುಕೊಂಡರು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಮಹಿಳೆಯರು, ಸರ್ಕಾರ ಜಪ್ತಿ ಮಾಡಿದ ಆಸ್ತಿಯನ್ನು ಕೊಂಡವರ ಮನೆಯೆದುರು ಸತ್ಯಾಗ್ರಹ ನಡೆಸಿದರು. ಹೊರಗಿನ ಆಡಳಿತದ ಬಲ ಅದಕ್ಕೆ ಕೈಜೋಡಿಸುವ ಒಳಗಿನವರಲ್ಲಿದೆ ಎಂಬ ಅರಿವು ಈ ಹೋರಾಟದಲ್ಲಿತ್ತು. 'ವಿ' ಕಥೆಯ ತಿರುಳೂ ಅದೇ ಆಗಿದೆ. ವ್ಯತ್ಯಾಸವೆಂದರೆ ಸರಣಿಯ ಹೋರಾಟ ಸಶಸ್ತ್ರವಾದುದು. ಉತ್ತರ ಕನ್ನಡದ ರೈತರದು ಅಹಿಂಸಾತ್ಮಕ ಅಸಹಕಾರ.

## ಮುಂದುವರಿದ ಭಾಗಗಳು

### ವಿ: ದಿ ಫೈನಲ್ ಬ್ಯಾಟಲ್ (1984)

ಎರಡನೆಯ ಕಿರುಸರಣಿ 1984ರ ಮೇ 6ರಿಂದ 8ರವರೆಗೆ ಮೂರು ಭಾಗಗಳಲ್ಲಿ ಪ್ರಸಾರವಾಯಿತು. ಜಾನ್ಸನ್ ಇದರ ಸಿದ್ಧತೆಯ ಹಂತದಲ್ಲಿ ಭಿನ್ನಾಭಿಪ್ರಾಯದಿಂದ ಹೊರನಡೆದರು. ಬರವಣಿಗೆಯಲ್ಲಿ ಅವರ ಪಾಲನ್ನು 'ಲಿಲಿಯನ್ ವೀಜರ್' ಎಂಬ ಗುಪ್ತನಾಮದಲ್ಲಿ ನಮೂದಿಸಲಾಯಿತು. ರಿಚರ್ಡ್ ಟಿ. ಹೆಫ್ರನ್ ನಿರ್ದೇಶಿಸಿದರು. ಮಾಜಿ ಗುಪ್ತಚರ ಹ್ಯಾಮ್ ಟೈಲರ್ ಪಾತ್ರದಲ್ಲಿ ಮೈಕಲ್ ಐರನ್‌ಸೈಡ್ ಸೇರಿಕೊಂಡರು.

ನೇರಪ್ರಸಾರದ ಸಮಾರಂಭವೊಂದರಲ್ಲಿ ಪ್ರತಿರೋಧ ಪಡೆಯು ಜಾನ್‌ನ ಮುಖವಾಡ ಕಳಚುವುದು ಇದರ ಪ್ರಸಿದ್ಧ ದೃಶ್ಯ. ರಾಬಿನ್‌ಳಿಗೆ ಹುಟ್ಟಿದ ಅವಳಿ ಶಿಶುಗಳಲ್ಲಿ ಸರೀಸೃಪರೂಪದ್ದು ಸಾಯುತ್ತದೆ. ಅದರ ಸಾವಿಗೆ ಕಾರಣವಾದ ಬ್ಯಾಕ್ಟೀರಿಯಾದಿಂದ ವಿಜ್ಞಾನಿಗಳು ಆಗಂತುಕರಿಗೆ ಮಾರಕವಾದ 'ಕೆಂಪು ಧೂಳು' ತಯಾರಿಸುತ್ತಾರೆ. ಬಲೂನುಗಳ ಮೂಲಕ ಅದನ್ನು ವಾತಾವರಣಕ್ಕೆ ಹರಡಲಾಗುತ್ತದೆ. ವೆಲ್ಸ್ ಅವರ ಕಾದಂಬರಿಯಲ್ಲಿಯೂ ಮಂಗಳವಾಸಿಗಳನ್ನು ಕೊನೆಗಾಣಿಸುವುದು ಸೂಕ್ಷ್ಮಜೀವಿಗಳೇ. ಬದುಕುಳಿದ ಇನ್ನೊಂದು ಮಗು ಎಲಿಜಬೆತ್ ತನ್ನ ವಿಶೇಷ ಶಕ್ತಿಯಿಂದ ನೌಕೆಯ ಸ್ಫೋಟವನ್ನು ತಡೆಯುವುದರೊಂದಿಗೆ ಕಥೆ ಮುಗಿಯುತ್ತದೆ.

### ಸಾಪ್ತಾಹಿಕ ಧಾರಾವಾಹಿ (1984–85)

1984ರ ಅಕ್ಟೋಬರ್ 26ರಿಂದ 1985ರ ಮಾರ್ಚ್ 22ರವರೆಗೆ 19 ಕಂತುಗಳು ಪ್ರಸಾರವಾದವು. ಕೆಂಪು ಧೂಳು ಬೆಚ್ಚನೆಯ ಪ್ರದೇಶಗಳಲ್ಲಿ ನಿಷ್ಕ್ರಿಯವಾಗುತ್ತದೆ ಎಂಬ ಕಾರಣ ನೀಡಿ ಆಗಂತುಕರನ್ನು ಮತ್ತೆ ಭೂಮಿಗೆ ತರಲಾಯಿತು. ಕಥೆಯ ಒತ್ತು ಪ್ರತಿರೋಧದಿಂದ ಡಯಾನಾ ಮತ್ತು ಅವಳ ಪ್ರತಿಸ್ಪರ್ಧಿ ಲಿಡಿಯಾ ನಡುವಿನ ಅಧಿಕಾರದ ಪೈಪೋಟಿಯತ್ತ ಸರಿಯಿತು. ಕಿರುಸರಣಿಯ ನೈತಿಕ ಪ್ರಶ್ನೆಗಳ ಜಾಗವನ್ನು ಸಾಹಸ ದೃಶ್ಯಗಳು ತುಂಬಿದವು. ಧಾರಾವಾಹಿಯು ಅಂತಿಮ ಕಂತಿನ ಕುತೂಹಲ ಪರಿಹಾರವಾಗದೆಯೇ ನಿಂತುಹೋಯಿತು.

### ಮರುನಿರ್ಮಾಣ (2009–11)

ಎಬಿಸಿ ವಾಹಿನಿಯು ಹೊಸ 'ವಿ' ಸರಣಿಯನ್ನು 2009ರ ನವೆಂಬರ್ 3ರಂದು ಆರಂಭಿಸಿತು. 2011ರ ಮಾರ್ಚ್‌ವರೆಗೆ ಎರಡು ಋತುಗಳಲ್ಲಿ 22 ಕಂತುಗಳು ಪ್ರಸಾರವಾದವು. ಎಲಿಜಬೆತ್ ಮಿಚೆಲ್ ತನಿಖಾಧಿಕಾರಿ ಎರಿಕಾ ಇವಾನ್ಸ್ ಪಾತ್ರವನ್ನೂ ಮೊರೀನಾ ಬ್ಯಾಕರಿನ್ ಆಗಂತುಕರ ನಾಯಕಿ ಆ್ಯನಾ ಪಾತ್ರವನ್ನೂ ನಿರ್ವಹಿಸಿದರು. ಮೂಲ ಸರಣಿಯ ಜೇನ್ ಬ್ಯಾಡ್ಲರ್ ಇದರಲ್ಲಿ ಆ್ಯನಾಳ ತಾಯಿ ಡಯಾನಾ ಆಗಿ ಕಾಣಿಸಿಕೊಂಡರು. ಮರೆಯಲ್ಲಿರುವ ಗುಪ್ತಜಾಲಗಳ ಭಯ ಈ ಆವೃತ್ತಿಯ ಮುಖ್ಯ ಧಾಟಿಯಾಗಿತ್ತು.

### ಪುಸ್ತಕಗಳು

ಎ. ಸಿ. ಕ್ರಿಸ್ಪಿನ್ ಎರಡು ಕಿರುಸರಣಿಗಳ ಕಥೆಯನ್ನು 1984ರಲ್ಲಿ ಕಾದಂಬರಿಯಾಗಿಸಿದರು. ಡಿಸಿ ಕಾಮಿಕ್ಸ್ ಸಂಸ್ಥೆಯು 1985–86ರಲ್ಲಿ 18 ಸಂಚಿಕೆಗಳ ಚಿತ್ರಕಥೆಯನ್ನು ಪ್ರಕಟಿಸಿತು. ಜಾನ್ಸನ್ 2008ರಲ್ಲಿ 'ವಿ: ದಿ ಸೆಕೆಂಡ್ ಜನರೇಷನ್' ಕಾದಂಬರಿಯನ್ನು ಹೊರತಂದರು. ಅದು ತಾವು ನಿರ್ದೇಶಿಸಿದ ಮೊದಲ ಕಿರುಸರಣಿಯ ಅಂತ್ಯದಿಂದಲೇ ಮುಂದುವರಿಯುತ್ತದೆ. ಇತರರು ಮಾಡಿದ ಭಾಗಗಳನ್ನು ಬದಿಗಿರಿಸುತ್ತದೆ.

## ಪ್ರಭಾವ

ಮಹಾನಗರಗಳ ಮೇಲೆ ನಿಶ್ಚಲವಾಗಿ ನಿಂತ ಬೃಹತ್ ನೌಕೆಗಳ ದೃಶ್ಯ ಆರ್ಥರ್ ಸಿ. ಕ್ಲಾರ್ಕ್ ಅವರ 'ಚೈಲ್ಡ್‌ಹುಡ್ಸ್ ಎಂಡ್' (1953) ಕಾದಂಬರಿಯಲ್ಲಿ ಮೊದಲೇ ಇತ್ತು. ಅದನ್ನು ದೂರದರ್ಶನದ ವೀಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿದ್ದು 'ವಿ'. 'ಇಂಡಿಪೆಂಡೆನ್ಸ್ ಡೇ' (1996) ಚಲನಚಿತ್ರದ ಆರಂಭದ ದೃಶ್ಯಗಳನ್ನು ವಿಮರ್ಶಕರು ಇದರೊಂದಿಗೆ ಹೋಲಿಸಿದ್ದಾರೆ. ಮನುಷ್ಯರನ್ನು ತಿನ್ನಲು ಸ್ನೇಹದ ಸೋಗಿನಲ್ಲಿ ಬರುವ ಅನ್ಯಗ್ರಹವಾಸಿಗಳ ಕಲ್ಪನೆಗೂ ಪೂರ್ವೋದಾಹರಣೆಯಿದೆ: ಡೇಮನ್ ನೈಟ್ ಅವರ ಸಣ್ಣಕಥೆಯನ್ನು ಆಧರಿಸಿದ 'ದಿ ಟ್ವಿಲೈಟ್ ಝೋನ್' ಸರಣಿಯ 'ಟು ಸರ್ವ್ ಮ್ಯಾನ್' ಕಂತು 1962ರಲ್ಲಿ ಪ್ರಸಾರವಾಗಿತ್ತು.

ಪರಕೀಯರ ಆಳ್ವಿಕೆಯಲ್ಲಿ ಸಾಮಾನ್ಯ ಕುಟುಂಬಗಳ ಬದುಕನ್ನು ಕೇಂದ್ರವಾಗಿಟ್ಟುಕೊಂಡ 'ಫಾಲಿಂಗ್ ಸ್ಕೈಸ್' (2011–15) ಮತ್ತು 'ಕಾಲನಿ' (2016–18) ಸರಣಿಗಳು ಇದೇ ಪರಂಪರೆಗೆ ಸೇರುತ್ತವೆ. ಅವುಗಳಲ್ಲಿ ಎರಡನೆಯದು ಸಹಯೋಗ ಮತ್ತು ಪ್ರತಿರೋಧದ ನಡುವೆ ಸಿಲುಕಿದ ದಂಪತಿಗಳ ಕಥೆ.

1983ರ 'ವಿ' ಇಂದಿಗೂ ಚರ್ಚೆಯಲ್ಲಿರಲು ಅದರ ವಿಶೇಷ ದೃಶ್ಯಪರಿಣಾಮಗಳು ಕಾರಣವಲ್ಲ. ಅವು ಕಾಲಕ್ರಮದಲ್ಲಿ ಹಳತಾಗಿವೆ. ಮುಂದಿನ ಭಾಗಗಳು ಅನ್ಯಗ್ರಹವಾಸಿಗಳನ್ನು ಸೋಲಿಸುವ ಬಗೆಯನ್ನು ಕುರಿತವು. ಮೊದಲ ಕಿರುಸರಣಿಯು ನೆರೆಮನೆಯವರ ಹೆಸರನ್ನು ಪಟ್ಟಿಯಲ್ಲಿ ಬರೆಯುವಾಗ ಉಳಿದವರು ಏನು ಮಾಡುತ್ತಾರೆ ಎಂಬುದನ್ನು ಕುರಿತದ್ದು.